ಬಚ್ಚಲ ಒಲೆ ಈ ಸಲ ಯಾವಾಗ ಹಚ್ಚುತ್ತೀರಿ? ಹಬ್ಬದವರೆಗೆ ಕಾಯಬೇಕಾ?

ನಿಟ್ಟುವಳ್ಳಿ ಹಿತ್ತಲು · ಅಕ್ಟೋಬರ್ 11, ಬೆಳಗ್ಗೆ 7:20
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ನಮ್ಮ ಮನೆಯಲ್ಲಿ ಅದಕ್ಕೇ ದೊಡ್ಡ ಗಲಾಟೆ ನಡೆದಿದೆ.

ದಾವಣಗೆರೆಯಲ್ಲಿ ನಮ್ಮದು ಹಳೇ ಮನೆ. ಹಿತ್ತಲ ಬಚ್ಚಲಲ್ಲಿ ತಾಮ್ರದ ಹಂಡೆ, ಮಣ್ಣಿನ ಒಲೆ. ತಾರಸಿ ಮೇಲೆ ಸೋಲಾರ್ ಕೂಡ ಇದೆ. ಹೋದ ಶಿವರಾತ್ರಿಯಿಂದ ಇಲ್ಲಿಯವರೆಗೆ ಸೋಲಾರ್ ನೀರೇ ಸಾಕಾಗಿತ್ತು, ಒಲೆ ಮುಟ್ಟಿಲ್ಲ. ಈಗ ಚಿತ್ತಾ ಮಳೆ ಹಿಡಿದಿದೆ. ದಿನವಿಡೀ ಮೋಡ. ನಲ್ಲಿ ತಿರುಗಿಸಿದರೆ ಬಾವಿ ನೀರಿನಂಥ ನೀರು. ಸೋಲಾರಿನ ಒಳಗಿನ ಕಾಯಿಲ್ ಗಡಸು ನೀರಿಗೆ ಯಾವತ್ತೋ ಸುಟ್ಟು ಹೋಗಿದೆ.

ಅಪ್ಪ ಹೇಳುವುದು, ನಾಳೆಯೇ ಒಲೆ ಹಚ್ಚು. ಅಮ್ಮ ಹೇಳುವುದು, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು ಪೂಜೆ ಮಾಡಿದ ಮೇಲೆಯೇ ಒಲೆ. ಈಗಲೇ ಹಚ್ಚಿದರೆ ಹಬ್ಬದ ದಿನ ಮತ್ತೆ ಮಸಿ ಉಜ್ಜುವವರು ಯಾರು ಅಂತ ಅವರ ವಾದ. ನಡುವೆ ನಾನು ತಣ್ಣೀರು ಸುರಿದುಕೊಳ್ಳುತ್ತಿದ್ದೇನೆ. ನಿಮ್ಮ ಕಡೆ ಏನು ಪದ್ಧತಿ?

ದುರ್ಗದ ಬಂಡೆ · 7:34
ಅಮ್ಮ ಹೇಳಿದ್ದೇ ಫೈನಲ್. ಮುಂದಿನ ಪ್ರಶ್ನೆ.

ಮಂಡಕ್ಕಿ ಮಿರ್ಚಿ · 7:41
ನಾನು ಅಪ್ಪನ ಪಾರ್ಟಿ. ಹಬ್ಬ ನೋಡಿ ಚಳಿ ಬರುತ್ತದಾ? ಹೋದ ವರ್ಷ ಹಬ್ಬ ತಿಂಗಳ ಕೊನೆಗೆ ಬಂತು. ಅದರ ಹಿಂದಿನ ವರ್ಷ ನವೆಂಬರ್. ಒಲೆಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ.

ಪಂಚಾಂಗದ ಪುಟ · 8:05
ಮಿರ್ಚಿಯವರು ಹೇಳಿದ್ದು ಸರಿ. 2023ರಲ್ಲಿ ನರಕ ಚತುರ್ದಶಿ ನವೆಂಬರ್ 12ಕ್ಕೆ ಇತ್ತು. 2024ರಲ್ಲಿ ಅಕ್ಟೋಬರ್ 31. ಈ ಸಲ, 2025ರಲ್ಲಿ, ಅಕ್ಟೋಬರ್ 20, ಅಂದರೆ ನೀರು ತುಂಬುವುದು 19ರ ಭಾನುವಾರ ಸಂಜೆ. ಮುಂದಿನ ವರ್ಷ ಮತ್ತೆ ನವೆಂಬರ್ 8ಕ್ಕೆ ಜಿಗಿಯುತ್ತದೆ, ಯಾಕೆಂದರೆ 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬರುತ್ತದೆ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ಹಬ್ಬ ವರ್ಷ ವರ್ಷ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮುಂದಕ್ಕೆ ಹೋಗುತ್ತದೆ.

ಮಳೆ ನಕ್ಷತ್ರಗಳು ಮಾತ್ರ ಸೂರ್ಯನ ಲೆಕ್ಕ. ಚಿತ್ತಾ ಪ್ರತಿ ವರ್ಷ ಅಕ್ಟೋಬರ್ 10ರ ಆಸುಪಾಸು, ಸ್ವಾತಿ 24ರ ಆಸುಪಾಸು. ಒಲೆಗೆ ದಿನ ಗೊತ್ತು ಮಾಡಲೇಬೇಕು ಅಂದರೆ ಹಬ್ಬಕ್ಕಿಂತ ಮಳೆ ಲೆಕ್ಕ ಹಿಡಿಯುವುದು ಮೇಲು.

ದುರ್ಗದ ಬಂಡೆ · 8:09
ಅಯ್ಯೋ, ಸ್ನಾನಕ್ಕೂ ಜ್ಯೋತಿಷ್ಯ ಬಂತಾ?

ಪಂಚಾಂಗದ ಪುಟ · 8:12
ಇದು ಜ್ಯೋತಿಷ್ಯ ಅಲ್ಲ ಸ್ವಾಮಿ, ಗಣಿತ. ನಿಮ್ಮ ಅಜ್ಜ ಶೇಂಗಾ ಬಿತ್ತಿದ್ದೂ ಇದೇ ಲೆಕ್ಕದಲ್ಲಿ.

ವಿದ್ಯಾನಗರ ಮೂರನೇ ಮಹಡಿ · 8:30
ಈ ಕಾಲದಲ್ಲಿ ಕಟ್ಟಿಗೆ ಒಲೆನಾ? ಒಂದು ಗೀಸರ್ ಹಾಕಿಸಿ, ಸ್ವಿಚ್ ಒತ್ತಿ, ಮುಗೀತು. ಹೊಗೆ ಇಲ್ಲ, ಬೂದಿ ಇಲ್ಲ, ಅಪ್ಪ ಅಮ್ಮನ ಜಗಳವೂ ಇಲ್ಲ.

ಜಗಳೂರು ರಸ್ತೆ · 8:38
@ವಿದ್ಯಾನಗರ ಗೃಹಜ್ಯೋತಿ ಮರೆತಿರಾ? 2022-23ರ ಸರಾಸರಿಗೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ನಾವೇ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಆಗ ಗೀಸರ್ ಇಲ್ಲದಿದ್ದವರ ಸರಾಸರಿ 60-70 ಯೂನಿಟ್. ಈಗ ಗೀಸರ್ ಹಾಕಿದರೆ ಎಲ್ಲಿಗೆ ಹೋಗುತ್ತೆ ನೀವೇ ನೋಡಿ.

ಸೈನ್ಸ್ ಮೇಷ್ಟ್ರು · 9:15
ಲೆಕ್ಕ ನಾನು ಹಾಕುತ್ತೇನೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 3 ಯೂನಿಟ್ ಬೇಕು. ದಿನಾ ಅಷ್ಟು ಕಾಯಿಸಿದರೆ ತಿಂಗಳಿಗೆ 90 ಯೂನಿಟ್, ಗೀಸರಿಗೇ.

ಇನ್ನು ಕಟ್ಟಿಗೆ. 1 ಕೆಜಿ ಒಣ ಕಟ್ಟಿಗೆಯಲ್ಲಿ 4 ಯೂನಿಟ್‌ಗೆ ಸಮನಾದ ಶಾಖ ಇದೆ. ಪೂರಾ ನೀರಿಗೇ ಸೇರಿದರೆ ಮುಕ್ಕಾಲು ಕೆಜಿ ಸಾಕು. ಆದರೆ ಮಣ್ಣಿನ ಒಲೆ ಅದರಲ್ಲಿ ಆರನೇ ಒಂದು ಪಾಲು ನೀರಿಗೆ ಕೊಟ್ಟರೆ ಪುಣ್ಯ. ಉಳಿದದ್ದು ಹೊಗೆಯ ಜೊತೆ ಊರಿಗೆ. ಅಂದರೆ ದಿನಕ್ಕೆ ನಾಲ್ಕೈದು ಕೆಜಿ ಹಿಡಿಯಿರಿ. ಕಟ್ಟಿಗೆ ದುಡ್ಡು ಕೊಟ್ಟು ತರುವವರಿಗೆ ಇದು ಲಾಭ ಅಲ್ಲ. ತೋಟದ್ದೋ ಹೊಲದ್ದೋ ಇದ್ದರೆ ಮಾತ್ರ ಲಾಭ.

ಚನ್ನಗಿರಿ ತೋಟ · 9:40
ಮೇಷ್ಟ್ರೇ, ನಮ್ಮಲ್ಲಿ ಕಟ್ಟಿಗೆ ಲೆಕ್ಕವೇ ಇಲ್ಲ. ಅಡಿಕೆ ಸುಲಿದ ಸಿಪ್ಪೆ, ಒಣಗಿದ ಸೋಗೆ, ಬಿದ್ದ ಮರ. ಅಕ್ಟೋಬರ್ ಅಂದರೆ ಅಡಿಕೆ ಕೊಯ್ಲು. ಅಡಿಕೆ ಬೇಯಿಸುವ ಒಲೆ ಹೇಗೂ ಉರಿಯುತ್ತಿರುತ್ತದೆ. ಅದರ ಪಕ್ಕ ಒಂದು ಹಂಡೆ ನೀರು ಇಟ್ಟರೆ ಇಡೀ ಮನೆಗೆ ಸ್ನಾನ. ಮೊದಲ ಒಲೆ ಅಂತ ಬೇರೆ ಮುಹೂರ್ತ ಯಾಕೆ?

ಹಳೇ ಪೇಟೆ · 9:44
ಎಲ್ಲರ ಮನೆ ಹಿಂದೆ ಅಡಿಕೆ ತೋಟ ಇರುವುದಿಲ್ಲ ಗೌಡ್ರೇ.

ಚಳ್ಳಕೆರೆ ಶೇಂಗಾ · 10:02
ನಮ್ಮಲ್ಲಿ ಶೇಂಗಾ ಸಿಪ್ಪೆ. ಎಣ್ಣೆ ಮಿಲ್ಲಿನವರ ಹತ್ತಿರ ಚೀಲಗಟ್ಟಲೆ ಸಿಗುತ್ತೆ. ಬೆಂಕಿ ಹಿಡಿಸಲು ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಆದರೆ ಬರೀ ಸಿಪ್ಪೆ ಹಾಕಿದರೆ ಭಗ್ ಅಂತ ಉರಿದು ಮುಗಿಯುತ್ತೆ. ಕೆಳಗೆ ಸಿಪ್ಪೆ, ಮೇಲೆ ಬಳ್ಳಾರಿ ಜಾಲಿ. ಜಾಲಿ ಕೆಂಡ ಮಧ್ಯಾಹ್ನದವರೆಗೂ ಆರುವುದಿಲ್ಲ.

ಮಾಯಕೊಂಡ · 10:10
ಜಾಲಿ ಒಳ್ಳೆ ಸೌದೆ, ಒಪ್ಪಿದೆ. ಆದರೆ ಆ ಮುಳ್ಳು! ಚಪ್ಪಲಿ ತೂರಿ ಕಾಲಿಗೆ ಬರುತ್ತೆ. ನಾವು ಮೆಕ್ಕೆಜೋಳದ ಬೆಂಡು ಸುಡುತ್ತೇವೆ. ಕಾಳು ಬಿಡಿಸಿದ ಮೇಲೆ ರಾಶಿ ರಾಶಿ ಉಳಿಯುತ್ತೆ.

ಚಳ್ಳಕೆರೆ ಶೇಂಗಾ · 10:13
ಬೆಂಡು ಅಂದರೆ ಸುಮ್ನೆ ಹೊಗೆ. ಒಂದು ಹಂಡೆ ಕಾಯಿಸಲು ಒಂದು ಚೀಲ ಬೇಕು.

ಮಾಯಕೊಂಡ · 10:15
ಚೆನ್ನಾಗಿ ಒಣಗಿದ್ದರೆ ಹೊಗೆ ಯಾಕೆ ಬರುತ್ತೆ? ಹಸಿ ಸುಟ್ಟರೆ ಗಂಧದ ಕಟ್ಟಿಗೆಯೂ ಹೊಗೆಯೇ. ತೊಗರಿ ಕಟ್ಟಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಅದನ್ನು ಮಾತ್ರ ಒಪ್ಪುತ್ತೇನೆ.

ನಿಟ್ಟುವಳ್ಳಿ ಹಿತ್ತಲು · 10:30
ಈಗ ಇನ್ನೊಂದು ಸಮಸ್ಯೆ ಗೊತ್ತಾಯಿತು. ನೀವೆಲ್ಲ ಹೇಳಿದ ಮೇಲೆ ಕಟ್ಟಿಗೆ ರಾಶಿ ನೋಡಲು ಹೋದೆ. ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೆವು, ಆದರೆ ಕೆಳಗಿನ ಸಾಲಿಗೆ ನೆಲದ ನೀರು ಹಿಡಿದಿದೆ. ಹಸಿಯೋ ಒಣದೋ ಹೇಗೆ ಗೊತ್ತಾಗುತ್ತೆ?

ಹೊಸದುರ್ಗದ ತೆಂಗು · 10:47
ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣದಾದರೆ ಟಣ್ ಅನ್ನುತ್ತೆ, ಹಸಿಯಾದರೆ ದಪ್. ಕಡಿದ ತುದಿ ನೋಡಿ. ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿದ್ದರೆ ಒಣಗಿದೆ. ತೊಗಟೆ ಉಗುರಿಗೆ ಎದ್ದು ಬಂದರೆ ಇನ್ನೂ ಒಳ್ಳೆಯದು. ಒಲೆಗೆ ಇಟ್ಟಾಗ ತುದಿಯಲ್ಲಿ ಬುರುಬುರು ನೊರೆ ಬಂದರೆ ಅದು ಬೆಂಕಿಗಲ್ಲ, ಬಿಸಿಲಿಗೆ ಇಡಬೇಕಾದ್ದು.

ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡಲು ಬೆಂಕಿ ಖರ್ಚಾಗುತ್ತೆ, ನಿಮ್ಮ ಹಂಡೆಗೆ ಏನೂ ಸಿಗುವುದಿಲ್ಲ. ಐದನೇ ಒಂದು ಪಾಲಿಗಿಂತ ಕಡಿಮೆ ನೀರು ಇರಬೇಕು. ಮಳೆಯಲ್ಲಿ ನೆನೆದದ್ದು ಮೇಲ್ಮೈ ನೀರು ಮಾತ್ರ, ಎರಡು ಬಿಸಿಲು ಕಂಡರೆ ಹೋಗುತ್ತೆ. ಹೆದರಬೇಡಿ.

ಪ್ಲಾಸ್ಟಿಕ್ ಪಕ್ಕಕ್ಕೆ ಇಳಿಬಿಡಬೇಡಿ, ಮೇಲೆ ಮಾತ್ರ ಇರಲಿ. ಗಾಳಿ ಆಡಬೇಕು. ಕೆಳಗೆ ಎರಡು ಸಾಲು ಇಟ್ಟಿಗೆ.

ಸೈನ್ಸ್ ಮೇಷ್ಟ್ರು · 10:52
ಇವರು ಹೇಳಿದ್ದು ಬರೆದಿಟ್ಟುಕೊಳ್ಳಿ. ಒಲೆ ಹಚ್ಚುವ ದಿನ ಯಾವುದು ಅಂತ ನಿಮ್ಮ ಕಟ್ಟಿಗೆಯೇ ಹೇಳುತ್ತೆ. ಅಪ್ಪನೂ ಅಲ್ಲ, ಅಮ್ಮನೂ ಅಲ್ಲ.

ಅಜ್ಜಿಯ ಮೊಮ್ಮಗಳು · 11:05
ಯಾರೂ ಹೇಳದ ಮಾತು ಒಂದು. ಹಚ್ಚುವ ಮೊದಲು ಒಲೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಎಂಟು ತಿಂಗಳು ಬೆಂಕಿ ಕಾಣದ ಒಲೆ ಅಂದರೆ ಬೆಕ್ಕಿಗೆ ಬಾಣಂತಿ ಕೋಣೆ. ನಮ್ಮ ಅಜ್ಜಿ ಮನೆಯಲ್ಲಿ, ಭರಮಸಾಗರದ ಹತ್ತಿರ, ಬೂದಿಯಲ್ಲಿ ಮೂರು ಮರಿ ಬೆಚ್ಚಗೆ ಮಲಗಿದ್ದವು. ಅಜ್ಜಿ ಆ ಸಲ ಒಲೆ ಹಚ್ಚಲು ಬಿಡಲೇ ಇಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸಿದರು.

ಕಟ್ಟಿಗೆ ರಾಶಿಗೆ ಸುಮ್ನೆ ಕೈ ಹಾಕಬೇಡಿ. ದುರ್ಗದ ಕಡೆ ಕಲ್ಲಿಗೊಂದು ಚೇಳು. ಕೋಲಿನಿಂದ ಕೆದಕಿ, ಆಮೇಲೆ ಎತ್ತಿ.

ಮಂಡಕ್ಕಿ ಮಿರ್ಚಿ · 11:08
ಒಲೆಯಲ್ಲಿ ಬೆಕ್ಕು ಮಲಗಿದೆ ಅಂದರೆ ಮನೆಯಲ್ಲಿ ಅಕ್ಕಿ ಇಲ್ಲ ಅಂತ ಅರ್ಥ ಅಲ್ವಾ? ಇವರ ಮನೆಯಲ್ಲಿ ನಿಜವಾಗಿಯೂ ಮಲಗಿದೆ 😄

ಪಾತ್ರೆ ಅಂಗಡಿ · 11:25
ನಾನು ತಾಮ್ರ, ಹಿತ್ತಾಳೆ ವ್ಯಾಪಾರದವನು. ಪ್ರತಿ ವರ್ಷ ದೀಪಾವಳಿ ಹಿಂದೆ ಮುಂದೆ ನಮ್ಮ ಅಂಗಡಿಗೆ ಬರುವ ಬಾಯ್ಲರ್‌ಗಳಲ್ಲಿ ಹೆಚ್ಚಿನದಕ್ಕೆ ಒಂದೇ ಕಾಯಿಲೆ: ಬೆಸುಗೆ ಬಿಟ್ಟಿರುತ್ತೆ. ಕಾರಣ ನೀರಿಲ್ಲದೆ ಬೆಂಕಿ ಹಾಕಿರುತ್ತಾರೆ. ಒಳಗೆ ನೀರಿದ್ದರೆ ತಾಮ್ರ 100 ಡಿಗ್ರಿ ದಾಟಿ ಹೆಚ್ಚೇನೂ ಹೋಗುವುದಿಲ್ಲ, ನೀರು ಶಾಖ ಎಳೆದುಕೊಳ್ಳುತ್ತೆ. ಖಾಲಿ ಇದ್ದರೆ ನೇರ ಬೆಸುಗೆಗೇ ಹೊಡೆತ.

ಮೊದಲು ನೀರು, ಆಮೇಲೆ ಬೆಂಕಿ. ನೀರು ತುಂಬುವ ಹಬ್ಬ ಅಂತ ಹಿರಿಯರು ಸುಮ್ನೆ ಇಟ್ಟಿಲ್ಲ.

ಹಿಂದಿನ ರಾತ್ರಿಯೇ ತುಂಬಿ ಬಿಡಿ. ಬೆಳಗ್ಗೆ ಕೆಳಗೆ ಒದ್ದೆಯಾಗಿದ್ದರೆ ಸೋರುತ್ತಿದೆ ಅಂತ ಗೊತ್ತಾಗುತ್ತೆ. ಬೆಂಕಿ ಹಾಕಿದ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಹಳೇ ಪೇಟೆ · 11:31
ಸಾರ್, ಹಂಡೆಗೆ ಕಲಾಯಿ ಹಾಕಿಸಬೇಕಾ?

ಪಾತ್ರೆ ಅಂಗಡಿ · 11:33
ಬೇಡ. ಕಲಾಯಿ ಅಡುಗೆ ಪಾತ್ರೆಗೆ, ಹುಳಿ ಬಿದ್ದಾಗ ತಾಮ್ರ ಬಿಡಬಾರದು ಅಂತ. ಮೈ ತೊಳೆಯುವ ನೀರಿಗೆ ಯಾಕೆ? ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಕಿಲುಬು ಹೋಗಿ ಹೊಸದಾಗುತ್ತೆ.

ಪಿ.ಜೆ. ಬಡಾವಣೆ ತಾರಸಿ · 12:10
ನಾನು ಉಲ್ಟಾ ಮಾತಾಡುತ್ತೇನೆ, ಬೈಯಬೇಡಿ. ನಮ್ಮ ಪಕ್ಕದ ಮನೆಯವರು ಬೆಳಗ್ಗೆ 5ಕ್ಕೆ ಒಲೆ ಹಚ್ಚುತ್ತಾರೆ. ಹೊಗೆ ಪೂರಾ ನಮ್ಮ ಮಲಗುವ ಕೋಣೆಗೆ. ನನ್ನ ಮಗನಿಗೆ ಉಬ್ಬಸ. ಒಣಗಲು ಹಾಕಿದ ಬಟ್ಟೆಯೆಲ್ಲ ಹೊಗೆ ವಾಸನೆ. ನಿಮ್ಮ ಪದ್ಧತಿ, ನಿಮ್ಮ ಹಂಡೆ, ಎಲ್ಲ ಸರಿ. ಮನೆಗೆ ಮನೆ ಅಂಟಿಕೊಂಡಿರುವ ಕಡೆ ಇದು ಸರಿಯಾ?

ದುರ್ಗದ ಬಂಡೆ · 12:14
ಕಿಟಕಿ ಮುಚ್ಚಿಕೊಳ್ಳಿ.

ಪಿ.ಜೆ. ಬಡಾವಣೆ ತಾರಸಿ · 12:15
ನೀವು ಬಾಯಿ ಮುಚ್ಚಿಕೊಳ್ಳಿ.

ಡ್ಯೂಟಿ ನರ್ಸ್ ಅಕ್ಕ · 12:40
ಜಗಳ ಸಾಕು. ಪಿ.ಜೆ. ಬಡಾವಣೆಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಊದುತ್ತಾ ಕೂತವರ ಶ್ವಾಸಕೋಶ ನಾವು ದಿನಾ ನೋಡುತ್ತೇವೆ.

ಅದಕ್ಕಿಂತ ಬೇಗ ಕೊಲ್ಲುವುದು ಇನ್ನೊಂದಿದೆ, ಕಾರ್ಬನ್ ಮೋನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಹೊಗೆ ಕಾಣದ ಕೆಂಡದಿಂದಲೇ ಇದು ಜಾಸ್ತಿ. ಬಚ್ಚಲ ಬಾಗಿಲು ಹಾಕಿ, ಕಿಟಕಿಗೆ ಬಟ್ಟೆ ತುರುಕಿ, ಒಳಗೆ ಕೆಂಡ ಇಟ್ಟುಕೊಂಡು ಸ್ನಾನ ಮಾಡಬೇಡಿ. ಗಾಳಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿದವರಿಗೂ ಇದೇ ಮಾತು. ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ತಕ್ಷಣ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ. "ನೀರು ಬಿಸಿ ಜಾಸ್ತಿಯಾಯ್ತು, ಅದಕ್ಕೇ ತಲೆ ಸುತ್ತಿತು" ಅಂತ ಮಲಗಿಬಿಡಬೇಡಿ.

ನಿಟ್ಟುವಳ್ಳಿ ಹಿತ್ತಲು · 1:05
ಅಕ್ಕ, ನೀವು ಹೇಳಿದ್ದು ಕೇಳಿ ಒಂದು ವಿಷಯ ಹೇಳಲೇಬೇಕು. ನನ್ನ ತಂಗಿಗೆ ಹೆರಿಗೆಯಾಗಿದೆ, ಮುಂದಿನ ವಾರ ಮಗು ಕರೆದುಕೊಂಡು ತವರಿಗೆ ಬರುತ್ತಾಳೆ. ಅದಕ್ಕೇ ಅಪ್ಪನಿಗೆ ಅವಸರ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡಬೇಕು, ಸಾಂಬ್ರಾಣಿ ಹಾಕಬೇಕು ಅಂತ ಅಮ್ಮ.

ಹಳೇ ಪೇಟೆ · 1:07
ಇದನ್ನು ಮೊದಲೇ ಹೇಳಬಾರದಾ ಮಾರಾಯರೇ! ಬಾಣಂತಿ ಇದ್ದ ಮನೆಗೆ ಹಬ್ಬ ಏನು, ಮುಹೂರ್ತ ಏನು. ಇವತ್ತೇ ಹಚ್ಚಿ.

ಡ್ಯೂಟಿ ನರ್ಸ್ ಅಕ್ಕ · 1:20
ಹಿತ್ತಲ ಬಚ್ಚಲಲ್ಲಿ ನೀರು ಕಾಯಿಸಿ, ಬೇಕಾದಷ್ಟು. ಆದರೆ ಮಗು ಮಲಗುವ ಕೋಣೆಯೊಳಗೆ ಕೆಂಡ ಬೇಡ ತಮ್ಮಾ. ಬೇಡವೇ ಬೇಡ. ಸಾಂಬ್ರಾಣಿ ಹೊಗೆಯೂ ಎಳೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಬೆಚ್ಚಗಿಡಲು ಟೊಪ್ಪಿ, ಕಾಲುಚೀಲ, ತಾಯಿಯ ಮೈ ಶಾಖ ಸಾಕು. ಮಗುವಿನ ನೀರನ್ನು ಮೊಣಕೈ ಅದ್ದಿ ನೋಡಿಯೇ ಹಾಕಿ. ಹಂಡೆಯ ನೀರು ಕೆಲವೊಮ್ಮೆ ಕುದಿಯುವಷ್ಟು ಕಾದಿರುತ್ತೆ. ಮೊದಲು ತಣ್ಣೀರು ಬಕೆಟ್ಟಿಗೆ, ಆಮೇಲೆ ಬಿಸಿನೀರು.

ಮೂರು ಮಕ್ಕಳ ತಾಯಿ · 1:45
ನಮ್ಮ ಕಾಲದಲ್ಲಿ ಮಂಚದ ಕೆಳಗೆ ಕೆಂಡದ ಮಡಕೆ ಇಡುತ್ತಿದ್ದರು, ಯಾರಿಗೂ ಏನೂ ಆಗಿಲ್ಲ.

ಡ್ಯೂಟಿ ನರ್ಸ್ ಅಕ್ಕ · 1:52
ಅಮ್ಮಾ, ನಿಮ್ಮ ಕಾಲದ ಮನೆಗೆ ಹಂಚು ಇತ್ತು, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ, ಗಾಜಿನ ಕಿಟಕಿ, ಬಾಗಿಲ ಕೆಳಗೂ ರಬ್ಬರ್ ಪಟ್ಟಿ.

ಮೂರು ಮಕ್ಕಳ ತಾಯಿ · 1:58
ಅದೂ ಹೌದು ಬಿಡಮ್ಮ.

ಜೋಗಿಮಟ್ಟಿ ಗಾಳಿ · 2:30
ಚಿತ್ರದುರ್ಗದಿಂದ ಹೇಳುತ್ತೇನೆ. ದಾವಣಗೆರೆಯವರಿಗೆ ಚಳಿ ಅಂದರೆ ಏನು ಗೊತ್ತು? ನಮ್ಮ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ನಿಂತಿರುವುದು ಶೋಕಿಗಲ್ಲ. ಜೋಗಿಮಟ್ಟಿ ತುದಿ 1,000 ಮೀಟರ್ ದಾಟುತ್ತೆ. ನಿಮ್ಮದು 600.

ಬೆಣ್ಣೆ ದೋಸೆ ಪ್ಲೇಟ್ · 2:36
ಜೋಗಿಮಟ್ಟಿ ತುದಿಯಲ್ಲಿ ನಿಮ್ಮ ಬಚ್ಚಲು ಇದೆಯಾ? ಊರು ಇರುವುದು ಕೆಳಗೆ. ದಿನವಿಡೀ ಕಾದ ಕೋಟೆ ಬಂಡೆ ರಾತ್ರಿ ನಿಮಗೆ ಹೀಟರ್.

ಜೋಗಿಮಟ್ಟಿ ಗಾಳಿ · 2:38
ಏಪ್ರಿಲ್‌ನಲ್ಲಿ ಬಂದು ಆ ಹೀಟರ್ ಪಕ್ಕ ಮಲಗಿ ನೋಡಿ.

ಸೈನ್ಸ್ ಮೇಷ್ಟ್ರು · 3:00
ಒಂದು ಮಾತು ಸೇರಿಸುತ್ತೇನೆ. ಮೋಡ ಇದ್ದಾಗ ರಾತ್ರಿ ನಿಜಕ್ಕೂ ಅಷ್ಟು ತಣ್ಣಗಾಗುವುದಿಲ್ಲ. ನೆಲ ಬಿಡುವ ಶಾಖವನ್ನು ಮೋಡ ತಡೆಯುತ್ತೆ. ಈಗ ನಿಮಗೆ ಆಗುತ್ತಿರುವುದು ಒದ್ದೆ ಗಾಳಿಯ ಕಾಟ, ಜೊತೆಗೆ ಬಿಸಿಲಿಲ್ಲದೆ ಸೋಲಾರ್ ಕೈಕೊಟ್ಟಿದ್ದು. ನಿಜವಾದ ಚಳಿ ಬರುವುದು ಮಳೆ ಮುಗಿದು ಆಕಾಶ ತಿಳಿಯಾದ ಮೇಲೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ. ತಮಾಷೆ ನೋಡಿ, ಆಗ ಮಧ್ಯಾಹ್ನ ಬಿಸಿಲು ಚೆನ್ನಾಗಿರುತ್ತೆ, ಸೋಲಾರ್ ಕೆಲಸ ಮಾಡುತ್ತೆ. ಹಾಗಾಗಿ ಸೋಲಾರ್ ಇದ್ದವರಿಗೆ ಒಲೆ ಬೇಕಾಗಿರುವುದು ಚಳಿಗಾಲಕ್ಕಿಂತ ಹೆಚ್ಚಾಗಿ ಈಗಲೇ.

ಮಂಡಕ್ಕಿ ಮಿರ್ಚಿ · 3:04
ಅಪ್ಪನ ಪಾರ್ಟಿ ಗೆದ್ದಿತು!

ಹಿರಿಯೂರು ಕಣಿವೆ · 3:20
2022ರಲ್ಲಿ ಮಾರಿಕಣಿವೆ ಡ್ಯಾಮ್ ಕೋಡಿ ಬಿತ್ತಲ್ಲ, 1933 ಆದ ಮೇಲೆ ಮೊದಲ ಸಲ, ಅವತ್ತಿನಿಂದ ನಮ್ಮ ಕಡೆ ಮಂಜು ಜಾಸ್ತಿ ಅಂತ ನನಗನಿಸುತ್ತೆ.

ದುರ್ಗದ ಬಂಡೆ · 3:22
ನಿಮಗನಿಸುತ್ತೆ.

ಮಿಲ್ ಕಾಲೋನಿ ಹುಡುಗ · 3:50
ಇದೆಲ್ಲ ಓದಿ ಚಿಕ್ಕಂದಿನದು ನೆನಪಾಯಿತು. ಹತ್ತಿ ಮಿಲ್ಲುಗಳು ನಡೆಯುತ್ತಿದ್ದಾಗ ನಮ್ಮ ಓಣಿಯಲ್ಲಿ ಗಡಿಯಾರ ನೋಡುತ್ತಿರಲಿಲ್ಲ. ಬೆಳಗಿನ ಸೈರನ್ ಕೂಗಿದರೆ ಅಮ್ಮ ಒಲೆ ಹಚ್ಚುತ್ತಿದ್ದರು, ಎರಡನೇ ಸೈರನ್‌ಗೆ ಅಪ್ಪ ಸ್ನಾನ ಮುಗಿಸಿ ಹೊರಟಿರಬೇಕು. ಮಿಲ್ ಮುಚ್ಚಿದ ಮೇಲೆ ಸ್ವಲ್ಪ ದಿನ ಯಾರೂ ಹೊತ್ತಿಗೆ ಸರಿಯಾಗಿ ಏಳಲಿಲ್ಲ.

ಬೆಣ್ಣೆ ದೋಸೆ ಪ್ಲೇಟ್ · 4:02
ಕಟ್ಟಿಗೆ ಒಲೆ ಅಂದ ಮೇಲೆ ದೋಸೆ ಮಾತು ಬರದಿದ್ದರೆ ಹೇಗೆ. ಗ್ಯಾಸಿನ ಮೇಲೆ ಹುಯ್ದದ್ದು ಬೆಣ್ಣೆ ದೋಸೆಯೇ ಅಲ್ಲ. ಕಟ್ಟಿಗೆ ಉರಿಯಲ್ಲಿ ಕಾದ ಹಂಚು ಬೇಕು.

ವಿದ್ಯಾನಗರ ಮೂರನೇ ಮಹಡಿ · 4:05
ಕಣ್ಣು ಮುಚ್ಚಿಸಿ ತಿನ್ನಿಸಿದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಟ್ಟು ಕಟ್ಟುತ್ತೇನೆ.

ಬೆಣ್ಣೆ ದೋಸೆ ಪ್ಲೇಟ್ · 4:06
ಕಟ್ಟಿ. ಸೋತವರು ಬಿಲ್ಲು ಕೊಡಬೇಕು.

ಭಟ್ಟಿ ಬೀದಿ · 4:30
ನಮ್ಮದು ಮಂಡಕ್ಕಿ ಭಟ್ಟಿ. ಭತ್ತದ ಹೊಟ್ಟು ಸುಡುತ್ತೇವೆ, ಮರಳು ಕಾಯಿಸಿ ಹುರಿಯುತ್ತೇವೆ. ವರ್ಷವಿಡೀ ಬೆಂಕಿ ಮುಂದೆ ಇರುವವನಾಗಿ ಒಂದು ಕಿವಿಮಾತು: ಬಹಳ ದಿನ ಆರಿದ್ದ ಒಲೆಗೆ ಮೊದಲ ದಿನವೇ ಜೋರು ಬೆಂಕಿ ಹಾಕಬೇಡಿ. ಮಣ್ಣು ಮಳೆಗಾಲದಲ್ಲಿ ನೀರು ಕುಡಿದಿರುತ್ತೆ. ಒಮ್ಮೆಲೇ ಕಾದರೆ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ, ಒಲೆ ಬಿರುಕು ಬಿಡುತ್ತೆ.

ಮೊದಲು ಹಳೇ ಬೂದಿ ಪೂರಾ ತೆಗೆಯಿರಿ. ತೇವ ಹಿಡಿದ ಬೂದಿ ಕೆಳಗಿನಿಂದ ಗಾಳಿ ಬರಲು ಬಿಡುವುದಿಲ್ಲ. ಬಿರುಕಿಗೆ ಕೆಮ್ಮಣ್ಣು, ಸಗಣಿ ಕಲಸಿ ಮೆತ್ತಿ, ಒಣಗಲು ಬಿಡಿ. ಹೊಗೆ ಕೊಳವೆಗೆ ಉದ್ದ ಕೋಲಿನ ತುದಿಗೆ ಗೋಣಿ ಸುತ್ತಿ ಎಳೆಯಿರಿ. ಮಸಿ ಬೀಳುತ್ತೆ, ಜೇಡರ ಬಲೆ ಬರುತ್ತೆ, ಗುಬ್ಬಿ ಗೂಡೂ ಬರಬಹುದು. ಆಮೇಲೆ ಒಂದು ಹಿಡಿ ಪುಳ್ಳೆ, ಬೆರಳು ಗಾತ್ರದ್ದು, ಅಷ್ಟೇ. ಅರ್ಧ ಗಂಟೆ ಸಣ್ಣಗೆ ಉರಿದು ಆರಲಿ. ಸಂಜೆ ಇನ್ನೊಮ್ಮೆ. ಮಾರನೇ ದಿನ ದೊಡ್ಡ ಕಟ್ಟಿಗೆ.

ತಣ್ಣಗಿರುವ ಕೊಳವೆ ಹೊಗೆಯನ್ನು ಮೇಲೆ ಎಳೆಯುವುದಿಲ್ಲ, ಅದಕ್ಕೇ ಮೊದಲ ದಿನ ಬಚ್ಚಲೆಲ್ಲ ಹೊಗೆ. ಕೊಳವೆ ಬಾಯಿಗೆ ಒಂದು ನ್ಯೂಸ್ ಪೇಪರ್ ಸುರುಳಿ ಹಚ್ಚಿ ಹಿಡಿಯಿರಿ. ಕೊಳವೆ ಬಿಸಿಯಾದರೆ ಎಳೆತ ಹಿಡಿಯುತ್ತೆ. ಬುಸ್ ಅಂತ ಸದ್ದು ಕೇಳಿದ ಮೇಲೆ ಒಲೆಗೆ ಬೆಂಕಿ ಕೊಡಿ.

ಪ್ಲಾಸ್ಟಿಕ್ ಕವರ್, ಚಪ್ಪಲಿ, ಟೈರ್ ಚೂರು ಹಾಕಿ ಹಚ್ಚುವವರಿಗೆ ಕೈ ಮುಗಿಯುತ್ತೇನೆ, ಬೇಡ. ಒಂದು ಕಾಲದಲ್ಲಿ ನಮ್ಮ ಭಟ್ಟಿಗಳ ಮೇಲೂ ಟೈರ್ ಹೊಗೆಯ ದೂರು ಬಂದಿತ್ತು, ಅದೇನು ಹೊಗೆ ಅಂತ ನಮಗೆ ಗೊತ್ತು.

ಪಿ.ಜೆ. ಬಡಾವಣೆ ತಾರಸಿ · 4:41
ಇಂಥ ಒಬ್ಬರು ನಮ್ಮ ಪಕ್ಕದ ಮನೆಯಲ್ಲಿ ಇದ್ದಿದ್ದರೆ ನಾನು ಈ ದೂರೇ ಹೇಳುತ್ತಿರಲಿಲ್ಲ.

ಸೈನ್ಸ್ ಮೇಷ್ಟ್ರು · 4:50
ಭಟ್ಟಿಯವರಿಗೆ ನಮಸ್ಕಾರ. ಇದಕ್ಕೆ ಸೇರಿಸಲು ಒಂದೇ ಇದೆ. ಹೊಸದಾಗಿ ಒಲೆ ಕಟ್ಟಿಸುವವರು ಅಸ್ತ್ರ ಒಲೆಯ ಮಾದರಿ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ್ದು. ಕಟ್ಟಿಗೆ ಇಡಲು ಕೆಳಗೆ ಜಾಲರಿ, ಬಾಯಿ ಚಿಕ್ಕದು, ಹೊಗೆ ಹೊರಹೋಗಲು ಕೊಳವೆ. ಕಟ್ಟಿಗೆ ಕಡಿಮೆ, ಹೊಗೆಯೂ ಕಡಿಮೆ. ಪಿ.ಜೆ. ಬಡಾವಣೆಯವರು ಪಕ್ಕದ ಮನೆಗೆ ಇದನ್ನು ಕಳಿಸಿ.

ಮೊಳಕಾಲ್ಮೂರು ಬೋರ್‌ವೆಲ್ · 5:15
ಒಂದು ಅನುಮಾನ. ಹೇಗೂ ಒಲೆ ಹಚ್ಚುತ್ತೇವೆ, ಅದೇ ಹಂಡೆ ನೀರು ಕುದಿಸಿ ಕುಡಿಯಬಹುದಾ? ನಮ್ಮ ಕಡೆ ಫ್ಲೋರೈಡ್ ನೀರು.

ಡ್ಯೂಟಿ ನರ್ಸ್ ಅಕ್ಕ · 5:22
ಬೇಡ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಕುಡಿಯಲು ಶುದ್ಧ ನೀರಿನ ಘಟಕದ್ದೇ ತನ್ನಿ.

ಪಾತ್ರೆ ಅಂಗಡಿ · 5:30
ಗಡಸು ನೀರಿನವರು ಹಂಡೆ ತಳ ಕೆರೆದು ನೋಡಿ. ಬಿಳಿ ಪೊರೆ ಕಟ್ಟಿರುತ್ತೆ. ಅದು ದಪ್ಪ ಆದಷ್ಟೂ ನೀರು ಕಾಯುವುದು ತಡ, ಕಟ್ಟಿಗೆ ಜಾಸ್ತಿ. ನಿಟ್ಟುವಳ್ಳಿಯವರ ಸೋಲಾರ್ ಕಾಯಿಲ್ ಹೋಗಿದ್ದೂ ಇದರಿಂದಲೇ.

ಜಗಳೂರು ರಸ್ತೆ · 5:48
ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಬೆಳಗ್ಗೆ 5ಕ್ಕೆ ಎದ್ದು ಹಚ್ಚುವವರು ಯಾರು? ನಮ್ಮ ಮನೆಯಲ್ಲಿ ಚಳಿ ಅಂತ ಮೊದಲು ಕೂಗುವವರು ಗಂಡಸರು, ಒಲೆ ಊದುವವರು ಹೆಂಗಸರು. ಹಚ್ಚುವವರು ಹೇಳಿದ ದಿನವೇ ಮೊದಲ ದಿನ ಆಗಲಿ.

ಮೂರು ಮಕ್ಕಳ ತಾಯಿ · 5:51
ನೂರಕ್ಕೆ ನೂರು.

ಅಜ್ಜಿಯ ಮೊಮ್ಮಗಳು · 5:52
ನೂರಾ ಒಂದು.

ದುರ್ಗದ ಬಂಡೆ · 5:55
ನಾನು ಬೆಳಗ್ಗೆ 7:34ಕ್ಕೇ ಹೇಳಿದ್ದೆ, ಅಮ್ಮ ಹೇಳಿದ್ದೇ ಫೈನಲ್ ಅಂತ.

ಹೊಸದುರ್ಗದ ತೆಂಗು · 6:10
ಅಮ್ಮನ ಮಸಿ ಸಮಸ್ಯೆಗೆ ದಾರಿ ಇದೆ. ಹಂಡೆಯ ಹೊರಮೈಗೆ ಬೂದಿ, ಮಣ್ಣು ತೆಳ್ಳಗೆ ಕಲಸಿ ಬಳಿದು ಆಮೇಲೆ ಒಲೆಗೆ ಇಡಿ. ಮಸಿ ಆ ಪದರದ ಮೇಲೆ ಕೂರುತ್ತೆ, ನೀರು ಹಾಕಿದರೆ ಸಮೇತ ಇಳಿಯುತ್ತೆ. ಹಳ್ಳಿಯಲ್ಲಿ ಎಲ್ಲ ಹೆಂಗಸರಿಗೂ ಗೊತ್ತು. ಒಲೆಗೆ ಹೂತಿಟ್ಟ ಹಂಡೆ ಆದರೆ ಮಸಿ ಹೇಗೂ ತಳದಲ್ಲೇ ಇರುತ್ತೆ, ಕಾಣುವ ಭಾಗ ಹುಣಸೆಹಣ್ಣಿನಲ್ಲಿ ಉಜ್ಜಿ ಸುಣ್ಣ, ಕೆಮ್ಮಣ್ಣು ಬಳಿದರೆ ಹಬ್ಬಕ್ಕೆ ತಯಾರು.

ನಿಟ್ಟುವಳ್ಳಿ ಹಿತ್ತಲು · 7:40
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ. ತೀರ್ಮಾನ ಹೀಗೆ: ನಾಳೆ ಭಾನುವಾರ ಬೂದಿ ತೆಗೆದು, ಕೊಳವೆ ಎಳೆದು, ಬಿರುಕು ಮೆತ್ತುವುದು ನಾನು. ಎರಡು ದಿನ ಒಣಗಿದ ಮೇಲೆ ಪುಳ್ಳೆ ಬೆಂಕಿ. ತಂಗಿ ಬರುವ ಹೊತ್ತಿಗೆ ಬಿಸಿನೀರು. ಹೊರಮೈಗೆ ಬೂದಿ ಬಳಿಯುವುದಕ್ಕೆ ಅಮ್ಮ ಒಪ್ಪಿದ್ದಾರೆ, ಆದರೆ 19ರ ಸಂಜೆ ಹಂಡೆ ಉಜ್ಜುವುದು ಅಪ್ಪನೇ ಅಂತ ಷರತ್ತು. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಕೋಣೆಯಲ್ಲಿ ಕೆಂಡ ಇಡುವುದಿಲ್ಲ ಅಂತ ಅಮ್ಮನ ಕೈಯಲ್ಲಿ ಮಾತು ತಗೊಂಡೆ. ಬೆಕ್ಕು ಇಲ್ಲ, ನೋಡಿದೆ. ಒಂದು ಕಪ್ಪೆ ಇತ್ತು.

ಚಳ್ಳಕೆರೆ ಶೇಂಗಾ · 7:52
ಆ ಬೂದಿ ಚೆಲ್ಲಬೇಡಿ ಅಣ್ಣಾ. ನಮಗೆ ಈರುಳ್ಳಿ ಮಡಿಗೆ ಬೇಕು.

ಹೊಸದುರ್ಗದ ತೆಂಗು · 7:54
ತೆಂಗಿನ ಬುಡಕ್ಕೆ ನಮಗೂ ಬೇಕು. ನಾನು ಮೊದಲು ಕೇಳಬೇಕು ಅಂತಿದ್ದೆ.

ಚಳ್ಳಕೆರೆ ಶೇಂಗಾ · 7:55
ಅಂತಿದ್ದೆ ಅಂದರೆ ಆಗಲ್ಲ, ಕೇಳಿದ್ದು ನಾನು. ಚೀಲಕ್ಕೆ ಎಷ್ಟು ಹೇಳಿ.

ನಿಟ್ಟುವಳ್ಳಿ ಹಿತ್ತಲು · 8:01
ಇರುವುದೇ ಎರಡು ಬಾಂಡ್ಲಿ. ಅದೂ ಅಮ್ಮನ ಪಾತ್ರೆ ತೊಳೆಯಲು ಅಂತ ಆಗಲೇ ರಿಸರ್ವ್ ಆಗಿದೆ.